ದಿನ ತುಂಬದೆ ಹುಟ್ಟಿದ ಮಗುವಿಗೆ ‘ಡಿಎಚ್‌ಎ ಇರುವ ಡಬ್ಬಿ ಹಾಲೇ’ ಬೇಕಾ?

ಮನೆಯಲ್ಲಿ ಏಳು ತಿಂಗಳಿಗೋ ಎಂಟು ತಿಂಗಳಿಗೋ ಹೆರಿಗೆ ಆಯಿತು ಎಂದರೆ ಸಾಕು, ಕುಟುಂಬದ ವಾಟ್ಸಾಪ್ ಗ್ರೂಪಿಗೆ ಸಲಹೆಗಳ ಮಳೆ ಸುರಿಯುತ್ತದೆ. ಅದರಲ್ಲಿ ಈಚೆಗೆ ಪದೇ ಪದೇ ಓಡಾಡುವ ಮಾತು ಒಂದಿದೆ. ದಿನ ತುಂಬದ ಮಗುವಿನ ಮಿದುಳು ಪೂರ್ತಿ ಬೆಳೆದಿರುವುದಿಲ್ಲ, ತಾಯಿಯ ಹಾಲಿನಲ್ಲಿ ಡಿಎಚ್‌ಎ ಸಾಲುವುದಿಲ್ಲ, ಆದ್ದರಿಂದ ಡಿಎಚ್‌ಎ ಸೇರಿಸಿದ ಡಬ್ಬಿ ಹಾಲು ಕೊಟ್ಟರೆ ಮಾತ್ರ ಮಗು ಚುರುಕಾಗುತ್ತದೆ ಎನ್ನುವುದು ಆ ಮಾತಿನ ಸಾರ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಫಾರ್ವರ್ಡ್ ಕೂಡ ಇದೆ. ಡಿಎಚ್‌ಎ ಎಂಬುದು ಕೆಮಿಕಲ್, ಪಾಚಿಯಿಂದ ತೆಗೆದ ವಿಷ, ಮಗುವಿಗೆ ಮುಟ್ಟಿಸಲೇಬೇಡಿ ಎನ್ನುತ್ತದೆ ಅದು.

ಎರಡನ್ನೂ ಪರಿಶೀಲಿಸಿ ನೋಡೋಣ. ಚಿಕ್ಕ ಉತ್ತರ ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇವೆ. ದಿನ ತುಂಬದ ಮಗುವಿಗೆ ಡಿಎಚ್‌ಎ ಬೇಕು ಎನ್ನುವುದು ನಿಜ. ಆದರೆ ಅಂಗಡಿಯ ಡಬ್ಬಿಯಿಂದ ಆ ಕೊರತೆ ತುಂಬುತ್ತದೆ ಎನ್ನುವುದು ನಿಜವಲ್ಲ. ಆ ಡಬ್ಬಿಗಾಗಿ ಎದೆಹಾಲು ಬಿಡಿಸಿದರೆ ಮಗುವಿಗೆ ಸಿಗುವುದಕ್ಕಿಂತ ಕಳೆದುಹೋಗುವುದೇ ಹೆಚ್ಚು. ಯಾಕೆ ಎಂದು ಒಂದೊಂದಾಗಿ ನೋಡೋಣ.

ಕೊಬ್ಬು ಎಂದರೆ ಮೈ ಬರುವುದಷ್ಟೇ ಅಲ್ಲ

ಕೊಬ್ಬು ಎಂದ ಕೂಡಲೇ ನಮಗೆ ನೆನಪಾಗುವುದು ಬೊಜ್ಜು. ಎಳೆಯ ಮಗುವಿನ ವಿಷಯದಲ್ಲಿ ಕಥೆಯೇ ಬೇರೆ. ಎದೆಹಾಲಿನಿಂದ ಮಗುವಿಗೆ ಸಿಗುವ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಬರುವುದು ಕೊಬ್ಬಿನಿಂದಲೇ. ಜೊತೆಗೆ ಮಿದುಳು, ನರಗಳು, ಕಣ್ಣಿನ ಒಳಪರದೆ ಇವುಗಳ ಜೀವಕೋಶಗಳ ಗೋಡೆಗಳು ಕಟ್ಟಿಕೊಳ್ಳುವುದೂ ಕೊಬ್ಬಿನಿಂದ.

ಕೊಬ್ಬನ್ನು ಬಿಡಿಸಿ ನೋಡಿದರೆ ಅದರೊಳಗೆ ಕೊಬ್ಬಿನಾಮ್ಲಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಕೆಲವನ್ನು ಮಾತ್ರ ಆಹಾರದಿಂದಲೇ ಪಡೆಯಬೇಕು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದಾಗ ಇದು ಬೆಳಕಿಗೆ ಬಂತು. ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಹೊಪ್ಪಳೆ ಎದ್ದಿತು. ಹೀಗೆ ಹೊರಗಿನಿಂದಲೇ ಬರಬೇಕಾದವು ಎರಡು: ಒಮೆಗಾ-6 ಗುಂಪಿನ ಲಿನೋಲಿಕ್ ಆಮ್ಲ ಮತ್ತು ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ.

ಇವೆರಡನ್ನು ಕಚ್ಚಾವಸ್ತು ಎಂದುಕೊಳ್ಳಿ. ಲಿನೋಲಿಕ್ ಆಮ್ಲದಿಂದ ದೇಹ ಅರಾಕಿಡೋನಿಕ್ ಆಮ್ಲವನ್ನು ಮಾಡಿಕೊಳ್ಳುತ್ತದೆ. ಅದನ್ನೇ ಚಿಕ್ಕದಾಗಿ ಎಆರ್‌ಎ ಎನ್ನುತ್ತಾರೆ. ಆಲ್ಫಾ ಲಿನೋಲೆನಿಕ್ ಆಮ್ಲದಿಂದ ಡೊಕೋಸಾಹೆಕ್ಸೇನೋಯಿಕ್ ಆಮ್ಲ ಆಗುತ್ತದೆ. ಅದೇ ಡಿಎಚ್‌ಎ. ಮಿದುಳಿನಲ್ಲೂ ಕಣ್ಣಿನ ಒಳಪರದೆಯಲ್ಲೂ ಹೇರಳವಾಗಿರುವುದು ಈ ಡಿಎಚ್‌ಎ. ಮಗು ಮೈ ಕೈ ತುಂಬಿಕೊಂಡು ಬೆಳೆಯುವುದಕ್ಕೆ, ರೋಗನಿರೋಧಕ ಶಕ್ತಿಗೆ ಎಆರ್‌ಎ ಬೇಕು. ಆದರೆ ಕಚ್ಚಾವಸ್ತುವಿನಿಂದ ಡಿಎಚ್‌ಎ ಆಗುವ ಪ್ರಮಾಣ ದೊಡ್ಡವರಲ್ಲೇ ಬಹಳ ಕಡಿಮೆ. ದಿನ ತುಂಬದ ಮಗು ಹಾಗೆ ಮಾಡಿಕೊಳ್ಳುವುದು ಅದರ ಅಗತ್ಯಕ್ಕೆ ಸಾಲುವುದಿಲ್ಲ.

ಕೊನೆಯ ಮೂರು ತಿಂಗಳ ಬುತ್ತಿ

ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಾಯಿ ತನ್ನ ಮಗುವಿಗೆ ಒಂದು ಬುತ್ತಿ ಕಟ್ಟಿಕೊಡುತ್ತಾಳೆ. ಕಬ್ಬಿಣ, ಕ್ಯಾಲ್ಸಿಯಂ, ಕೊಬ್ಬು, ಅದರೊಳಗೆ ಡಿಎಚ್‌ಎ ಮತ್ತು ಎಆರ್‌ಎ, ಎಲ್ಲವೂ ಕರುಳುಬಳ್ಳಿಯ ಮೂಲಕ ಹರಿದುಬರುವುದು ಹೆಚ್ಚಾಗಿ ಈ ಅವಧಿಯಲ್ಲೇ. ಮಿದುಳು ರಭಸದಿಂದ ಬೆಳೆಯುವುದೂ ಆಗಲೇ. 34ನೇ ವಾರದಲ್ಲಿ ಮಿದುಳಿನ ತೂಕ ದಿನ ತುಂಬಿದ ಮಗುವಿನ ಮಿದುಳಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಇರುತ್ತದೆ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದನ್ನು ಅವಧಿಪೂರ್ವ ಜನನ ಎನ್ನುತ್ತಾರೆ. 2020ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಒಂದೇ ವರ್ಷ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಸಂಖ್ಯೆ ಇಷ್ಟಿಲ್ಲ. ಇವರಲ್ಲಿ ಹೆಚ್ಚಿನವರು 34, 35, 36 ವಾರದವರು. ಅವರ ಬುತ್ತಿ ಬಹುಪಾಲು ತುಂಬಿರುತ್ತದೆ. 28 ವಾರಕ್ಕೇ ಹುಟ್ಟಿದ, ಒಂದು ಕಿಲೋ ತೂಗುವ ಮಗುವಿಗೆ ಮಾತ್ರ ಬುತ್ತಿ ಕಟ್ಟುವ ಮುನ್ನವೇ ಪ್ರಯಾಣ ಶುರುವಾಗಿರುತ್ತದೆ. ಈ ವ್ಯತ್ಯಾಸ ನೆನಪಿಡಿ. ಮುಂದೆ ನಾವು ಹೇಳುವ ದೊಡ್ಡ ಅಧ್ಯಯನಗಳೆಲ್ಲ ತೀರಾ ಬೇಗ ಹುಟ್ಟಿದ ಮಕ್ಕಳ ಮೇಲೆ ನಡೆದವು. ಅದರ ಫಲಿತಾಂಶವನ್ನು 36 ವಾರದ ಮಗುವಿಗೆ ಹಾಗೆಯೇ ಅಂಟಿಸುವಂತಿಲ್ಲ.

ಡಬ್ಬಿಯೊಳಗೆ ಡಿಎಚ್‌ಎ ಬಂದದ್ದು ಹೇಗೆ?

ಹಿಂದೆ ಡಬ್ಬಿ ಹಾಲಿನ ಕೊಬ್ಬು ಬಹುತೇಕ ಸಸ್ಯದ ಎಣ್ಣೆಗಳದ್ದು. ತೆಂಗು, ಸೋಯಾ, ತಾಳೆ, ಸೂರ್ಯಕಾಂತಿ ಎಣ್ಣೆಗಳ ಮಿಶ್ರಣ. ಅದರಲ್ಲಿ ಡಿಎಚ್‌ಎ ಇರಲಿಲ್ಲ. ಎದೆಹಾಲಿನಲ್ಲಿ ಇದೆ, ಡಬ್ಬಿಯಲ್ಲಿ ಇಲ್ಲ ಎಂಬ ಕೊರತೆಯನ್ನು ತುಂಬಲು 1980ರ ದಶಕದಿಂದ ಅಮೆರಿಕದಲ್ಲಿ ಪ್ರಯೋಗಗಳು ಶುರುವಾದವು. ಅಂದರೆ ಡಿಎಚ್‌ಎಯನ್ನು ಡಬ್ಬಿಗೆ ಹಾಕಿದ್ದೇ ಎದೆಹಾಲನ್ನು ನೋಡಿ ಕಲಿತು. ತಾಯಿಯ ಹಾಲಿನಲ್ಲಿ ಇಲ್ಲದ ಯಾವುದೋ ಹೊಸ ವಸ್ತು ಅದಲ್ಲ.

ಮೊದಲು ಮೀನೆಣ್ಣೆ ಸೇರಿಸಿ ನೋಡಿದರು. ದಿನ ತುಂಬದ ಮಕ್ಕಳಲ್ಲಿ ಮೊದಲ ಕೆಲವು ತಿಂಗಳು ದೃಷ್ಟಿ ಸ್ವಲ್ಪ ಬೇಗ ಚುರುಕಾಯಿತು. ಆದರೆ ಸೂಸನ್ ಕಾರ್ಲ್‌ಸನ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಗಮನಿಸಿದ ಇನ್ನೊಂದು ಸಂಗತಿ ಎಲ್ಲರನ್ನೂ ಎಚ್ಚರಿಸಿತು. ಮೀನೆಣ್ಣೆ ಪಡೆದ ಮಕ್ಕಳ ಬೆಳವಣಿಗೆ ಹಿಂದೆ ಬಿದ್ದಿತ್ತು. ಮೀನೆಣ್ಣೆಯಲ್ಲಿ ಡಿಎಚ್‌ಎ ಜೊತೆಗೆ ಇರುವ ಇನ್ನೊಂದು ಒಮೆಗಾ-3 ಆಮ್ಲ ಆ ಮಕ್ಕಳ ಎಆರ್‌ಎ ಮಟ್ಟವನ್ನು ಇಳಿಸಿತ್ತು. ಒಂದನ್ನು ಎತ್ತಲು ಹೋಗಿ ಇನ್ನೊಂದನ್ನು ಕೆಡವಿದಂತಾಯಿತು.

ಆಮೇಲೆ ಡಿಎಚ್‌ಎ ಮತ್ತು ಎಆರ್‌ಎ ಎರಡನ್ನೂ ಜೊತೆಯಾಗಿ ಕೊಡುವ ಪದ್ಧತಿ ಬಂತು. ಡಿಎಚ್‌ಎಯನ್ನು ಒಂದು ಬಗೆಯ ಸೂಕ್ಷ್ಮ ಪಾಚಿಯಿಂದಲೂ ಎಆರ್‌ಎಯನ್ನು ಒಂದು ಬಗೆಯ ಶಿಲೀಂಧ್ರದಿಂದಲೂ ತಯಾರಿಸತೊಡಗಿದರು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇವುಗಳನ್ನು ಶಿಶುಗಳ ಫಾರ್ಮುಲಾದಲ್ಲಿ ಬಳಸಲು ಅಡ್ಡಿ ಮಾಡಲಿಲ್ಲ. 2002ರಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂತು. 2020ರಿಂದ ಯುರೋಪಿನ ಒಕ್ಕೂಟದಲ್ಲಿ ಎಲ್ಲ ಶಿಶು ಫಾರ್ಮುಲಾಗಳಲ್ಲೂ ಡಿಎಚ್‌ಎ ಇರಲೇಬೇಕು, ಎಆರ್‌ಎ ಕಡ್ಡಾಯವಲ್ಲ. ಇದಕ್ಕೆ ಹಲವು ಪೋಷಣಾ ತಜ್ಞರು ಆಕ್ಷೇಪ ಎತ್ತಿದರು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹೇಳುವುದು ಬೇರೆ: ಡಿಎಚ್‌ಎ ಹಾಕುವುದಾದರೆ ಕನಿಷ್ಠ ಅಷ್ಟೇ ಪ್ರಮಾಣದ ಎಆರ್‌ಎ ಕೂಡ ಇರಬೇಕು.

ನಾವೇ ಒಂದು ಲೆಕ್ಕ ಹಾಕೋಣ

ತಾಯಿಯ ಹಾಲಿನಲ್ಲಿ ಡಿಎಚ್‌ಎ ಸಾಲದು ಎನ್ನುವ ಫಾರ್ವರ್ಡ್‌ಗೆ ಈಗ ಬರೋಣ. ಲೆಕ್ಕ ಸುಲಭ.

ಒಂದು ಕಿಲೋ ತೂಕದ ಮಗು. ದಿನಕ್ಕೆ ಸುಮಾರು 150 ಮಿ.ಲೀ. ಹಾಲು. ಎದೆಹಾಲಿನ 100 ಮಿ.ಲೀ.ನಲ್ಲಿ ಸುಮಾರು 3.5 ಗ್ರಾಂ ಕೊಬ್ಬು ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 5 ಗ್ರಾಂ ಕೊಬ್ಬು ಆಯಿತು. ಜಗತ್ತಿನ ಸರಾಸರಿಯಂತೆ ಎದೆಹಾಲಿನ ಕೊಬ್ಬಿನಲ್ಲಿ ಸುಮಾರು 0.3% ಡಿಎಚ್‌ಎ. ಅಲ್ಲಿಗೆ ಮಗುವಿಗೆ ಸಿಗುವುದು ದಿನಕ್ಕೆ 16 ಮಿ.ಗ್ರಾಂ ಹತ್ತಿರ.

ಹೊಟ್ಟೆಯಲ್ಲೇ ಇದ್ದಿದ್ದರೆ? ಕೊನೆಯ ತಿಂಗಳುಗಳಲ್ಲಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 40ರಿಂದ 60 ಮಿ.ಗ್ರಾಂ ಡಿಎಚ್‌ಎ ಮಗುವಿಗೆ ಸೇರುತ್ತದೆ ಎಂದು ಅಂದಾಜು. ಅಂದರೆ ತೀರಾ ಬೇಗ ಹುಟ್ಟಿದ ಮಗುವಿಗೆ ಎದೆಹಾಲಿನ ಡಿಎಚ್‌ಎ ಕೂಡ ಕಡಿಮೆಯೇ. ಫಾರ್ವರ್ಡ್‌ನಲ್ಲಿ ಇಷ್ಟು ಮಾತ್ರ ಸತ್ಯವಿದೆ.

ಈಗ ಡಬ್ಬಿಯ ಲೆಕ್ಕ ನೋಡಿ. ಸಾಮಾನ್ಯ ಶಿಶು ಫಾರ್ಮುಲಾದಲ್ಲಿ ಡಿಎಚ್‌ಎ ಕೊಬ್ಬಿನ 0.5% ಮೀರದಿರಲಿ ಎಂಬುದು ಕೋಡೆಕ್ಸ್‌ನ ಸೂಚನೆ. 100 ಮಿ.ಲೀ.ಗೆ 4 ಗ್ರಾಂ ಕೊಬ್ಬು, ಒಟ್ಟು 6 ಗ್ರಾಂ. ಎದೆಹಾಲಿನಂತೆ 0.3% ಇದ್ದರೆ 18 ಮಿ.ಗ್ರಾಂ. ಮೇಲ್ಮಿತಿಯಾದ 0.5% ಇದ್ದರೂ 30 ಮಿ.ಗ್ರಾಂ. ಹೀಗೆ ಡಬ್ಬಿ ಹಾಲು ಕೂಡ ಗರ್ಭದ ಲೆಕ್ಕವನ್ನು ಮುಟ್ಟುವುದಿಲ್ಲ. ಎದೆಹಾಲಿನಲ್ಲಿ ಸಾಲದು, ಡಬ್ಬಿಯಲ್ಲಿ ಸಾಕಷ್ಟಿದೆ ಎನ್ನುವುದು ಲೆಕ್ಕಕ್ಕೇ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಬಾಯಿಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲ. ದಿನ ತುಂಬದ ಮಗುವಿಗೆ ಕೊಬ್ಬು ಅರಗಿಸುವ ಕಿಣ್ವವೂ ಪಿತ್ತರಸವೂ ಕಡಿಮೆ. ಎದೆಹಾಲಿನಲ್ಲಿ ಕೊಬ್ಬನ್ನು ಅರಗಿಸುವ ಕಿಣ್ವ ತಾನೇ ಇರುತ್ತದೆ. ಅಡುಗೆಯ ಜೊತೆಗೆ ಅಡುಗೆಯವರನ್ನೂ ಕಳಿಸಿಕೊಟ್ಟ ಹಾಗೆ. ಪುಡಿ ಹಾಲಿನಲ್ಲಿ ಈ ಕಿಣ್ವ ಇರುವುದಿಲ್ಲ.

ಹಾಗಾದರೆ ಹೆಚ್ಚು ಡಿಎಚ್‌ಎ ಕೊಟ್ಟರೆ ಒಳ್ಳೆಯದಲ್ಲವೇ?

ಈ ಪ್ರಶ್ನೆ ವಿಜ್ಞಾನಿಗಳಿಗೂ ಬಂತು. ಅವರು ಊಹೆ ಮಾಡಿಕೊಂಡು ಕೂರದೆ ನೂರಾರು ಮಕ್ಕಳ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಿ ನೋಡಿದರು. ಸಿಕ್ಕ ಉತ್ತರಗಳು ಒಂದೇ ಬಣ್ಣದವಲ್ಲ.

ಆಸ್ಟ್ರೇಲಿಯಾದಲ್ಲಿ 33 ವಾರಕ್ಕಿಂತ ಮೊದಲು ಹುಟ್ಟಿದ 657 ಮಕ್ಕಳಲ್ಲಿ ಕೆಲವರಿಗೆ ಕೊಬ್ಬಿನ 1% ಡಿಎಚ್‌ಎ ಇರುವ ಹಾಲು, ಉಳಿದವರಿಗೆ ಎಂದಿನಂತೆ 0.3% ಇರುವ ಹಾಲು ಕೊಟ್ಟರು. 2009ರಲ್ಲಿ ಫಲಿತಾಂಶ ಬಂತು. ಒಂದೂವರೆ ವರ್ಷದಲ್ಲಿ ಸರಾಸರಿ ಬುದ್ಧಿಮಟ್ಟದಲ್ಲಿ ಸ್ಪಷ್ಟ ವ್ಯತ್ಯಾಸ ಇರಲಿಲ್ಲ. ತೀವ್ರವಾಗಿ ಹಿಂದುಳಿದ ಮಕ್ಕಳ ಸಂಖ್ಯೆ ಮಾತ್ರ ಹೆಚ್ಚು ಡಿಎಚ್‌ಎ ಗುಂಪಿನಲ್ಲಿ ಕಡಿಮೆ ಇತ್ತು. ಅದೇ ಮಕ್ಕಳನ್ನು ಏಳನೇ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಎರಡು ಗುಂಪುಗಳಿಗೂ ವ್ಯತ್ಯಾಸ ಉಳಿದಿರಲಿಲ್ಲ.

2017ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಾಪುರದಲ್ಲಿ 29 ವಾರಕ್ಕಿಂತ ಮೊದಲು ಹುಟ್ಟಿದ 1273 ಮಕ್ಕಳು. ಒಂದು ಗುಂಪಿಗೆ ಪ್ರತಿ ಕಿಲೋಗೆ ದಿನಕ್ಕೆ 60 ಮಿ.ಗ್ರಾಂ ಡಿಎಚ್‌ಎ. ಶ್ವಾಸಕೋಶದ ದೀರ್ಘಕಾಲದ ತೊಂದರೆ ಕಡಿಮೆಯಾಗಬಹುದು ಎಂಬ ನಿರೀಕ್ಷೆ ಇತ್ತು. ಆದದ್ದು ಬೇರೆ. ಡಿಎಚ್‌ಎ ಗುಂಪಿನಲ್ಲಿ ಆ ತೊಂದರೆ 49.1%, ಇನ್ನೊಂದರಲ್ಲಿ 43.9%. ಕಡಿಮೆಯಾಗುವ ಬದಲು ತುಸು ಹೆಚ್ಚೇ ಆಗಿತ್ತು. ಕೆನಡಾದಲ್ಲಿ ತಾಯಂದಿರಿಗೆ ದಿನಕ್ಕೆ 1.2 ಗ್ರಾಂ ಡಿಎಚ್‌ಎ ಕೊಟ್ಟು ಎದೆಹಾಲಿನ ಮೂಲಕ ಮಗುವಿಗೆ ತಲುಪಿಸುವ ಪ್ರಯೋಗವನ್ನು ಇದೇ ಆತಂಕದಿಂದ ನಡುವೆಯೇ ನಿಲ್ಲಿಸಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೇಲಿನ 2017ರ ಅಧ್ಯಯನದ ಮಕ್ಕಳಲ್ಲಿ ಕೆಲವರನ್ನು ಐದನೇ ವಯಸ್ಸಿನಲ್ಲಿ ಪರೀಕ್ಷಿಸಿದ ವರದಿ 2022ರಲ್ಲಿ ಬಂತು. ಡಿಎಚ್‌ಎ ಪಡೆದವರ ಸರಾಸರಿ ಐಕ್ಯೂ 95.4, ಪಡೆಯದವರದ್ದು 91.9. ಹತ್ತಿರ ಹತ್ತಿರ ಮೂರೂವರೆ ಅಂಕದ ಲಾಭ. ಸ್ವೀಡನ್‌ನಲ್ಲಿ 28 ವಾರಕ್ಕಿಂತ ಮೊದಲು ಹುಟ್ಟಿದ ಸುಮಾರು 200 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಡಿಎಚ್‌ಎ ಮತ್ತು ಅದರ ಎರಡರಷ್ಟು ಎಆರ್‌ಎ ಜೊತೆಯಾಗಿ ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಣ್ಣಿನ ಒಳಪರದೆಯ ತೀವ್ರ ತೊಂದರೆ 33.3% ಇದ್ದದ್ದು 15.8%ಗೆ ಇಳಿಯಿತು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದೇನು? ಸಾರಿಗೆ ಉಪ್ಪು ಬೇಕು, ಹಾಗೆಂದು ಎರಡರಷ್ಟು ಉಪ್ಪು ಹಾಕಿದರೆ ಸಾರು ಎರಡರಷ್ಟು ರುಚಿಯಾಗುವುದಿಲ್ಲ. ಡಿಎಚ್‌ಎ ಯಾವ ಮಗುವಿಗೆ, ಎಷ್ಟು, ಎಆರ್‌ಎ ಜೊತೆಗೋ ಒಂಟಿಯಾಗಿಯೋ, ಎಷ್ಟು ದಿನ ಎನ್ನುವುದರ ಮೇಲೆ ಲಾಭ-ನಷ್ಟ ನಿಂತಿದೆ. 2016ರಲ್ಲಿ 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಫಾರ್ಮುಲಾಗೆ ಇವುಗಳನ್ನು ಸೇರಿಸುವುದರಿಂದ ದಿನ ತುಂಬದ ಮಕ್ಕಳಿಗೆ ದೀರ್ಘಕಾಲದ ಸ್ಪಷ್ಟ ಲಾಭವೂ ಕಾಣಲಿಲ್ಲ, ಸ್ಪಷ್ಟ ಹಾನಿಯೂ ಕಾಣಲಿಲ್ಲ ಎಂದಿತು. ಆಮೇಲಿನ ಅಧ್ಯಯನಗಳನ್ನೂ ಗಣನೆಗೆ ತೆಗೆದುಕೊಂಡ ಯುರೋಪಿನ ಮಕ್ಕಳ ಜಠರ-ಕರುಳು ಮತ್ತು ಪೋಷಣಾ ತಜ್ಞರ ಸಂಘ, 1.8 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಪ್ರತಿ ಕಿಲೋಗೆ ದಿನಕ್ಕೆ 30ರಿಂದ 65 ಮಿ.ಗ್ರಾಂ ಡಿಎಚ್‌ಎ ಮತ್ತು 30ರಿಂದ 100 ಮಿ.ಗ್ರಾಂ ಎಆರ್‌ಎ ಸಿಗಬೇಕು ಎಂದು ಹೇಳಿದೆ. ಇದು ಆಸ್ಪತ್ರೆಯಲ್ಲಿ ಮಗುವಿನ ತೂಕ ನೋಡಿ ವೈದ್ಯರು ಹಾಕುವ ಲೆಕ್ಕ. ಅಂಗಡಿಯಲ್ಲಿ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ನೋಡಿ ನಾವು ಹಾಕುವ ಲೆಕ್ಕವಲ್ಲ.

ಎದೆಹಾಲು ಬಿಡಿಸಿದರೆ ಆಗುವ ನಷ್ಟ

ಫಾರ್ವರ್ಡ್‌ಗಳು ಹೇಳದೆ ಬಿಡುವ ವಿಷಯ ಇದು. ದಿನ ತುಂಬದ ಮಕ್ಕಳಿಗೆ ಬರುವ ಒಂದು ಭೀಕರ ಕಾಯಿಲೆಯಲ್ಲಿ ಕರುಳಿನ ಭಾಗ ಊದಿಕೊಂಡು ಕೊಳೆಯತೊಡಗುತ್ತದೆ. ವೈದ್ಯರು ಇದನ್ನು ಎನ್‌ಇಸಿ ಎನ್ನುತ್ತಾರೆ. ಕೆಲವು ಮಕ್ಕಳಿಗೆ ಆಪರೇಷನ್ ಬೇಕಾಗುತ್ತದೆ, ಕೆಲವರು ಉಳಿಯುವುದಿಲ್ಲ. ದಾನಿಗಳ ಎದೆಹಾಲು ಪಡೆದ ಮಕ್ಕಳಿಗೆ ಹೋಲಿಸಿದರೆ ಫಾರ್ಮುಲಾ ಪಡೆದ ದಿನ ತುಂಬದ ಮಕ್ಕಳಲ್ಲಿ ಈ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು ಎಂದು ಅಧ್ಯಯನಗಳು ತೋರಿಸಿವೆ. ಫಾರ್ಮುಲಾದಲ್ಲಿ ಡಿಎಚ್‌ಎ ಇದೆ ಎಂಬ ಕಾರಣಕ್ಕೆ ಈ ಅಪಾಯ ಹೋಗುವುದಿಲ್ಲ.

ಎದೆಹಾಲಿನಲ್ಲಿ ಕೊಬ್ಬಿನಾಮ್ಲವಷ್ಟೇ ಇಲ್ಲ. ಸೋಂಕು ತಡೆಯುವ ಪ್ರತಿಕಾಯಗಳು, ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವ ಸಕ್ಕರೆಗಳು, ಕರುಳನ್ನು ಮಾಗಿಸುವ ಅಂಶಗಳು ಇವೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2022ರ ಶಿಫಾರಸಿನಲ್ಲಿ ಕ್ರಮವನ್ನು ಸ್ಪಷ್ಟವಾಗಿ ಹೇಳಿದೆ. ಮೊದಲು ಹೆತ್ತ ತಾಯಿಯ ಹಾಲು. ಅದು ಸಿಗದಿದ್ದರೆ ದಾನಿಯ ಎದೆಹಾಲು. ಅದೂ ಇಲ್ಲದಾಗ, 32 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ದಿನ ತುಂಬದ ಮಕ್ಕಳಿಗೆಂದೇ ತಯಾರಿಸಿದ ಫಾರ್ಮುಲಾವನ್ನು ಪರಿಗಣಿಸಬಹುದು.

ತೀರಾ ಚಿಕ್ಕ ಮಗುವಿಗೆ ಎದೆಹಾಲಿನ ಪ್ರೋಟೀನ್, ಕ್ಯಾಲ್ಸಿಯಂ, ರಂಜಕ ಕಡಿಮೆ ಬೀಳಬಹುದು ಎನ್ನುವುದೂ ನಿಜ. ಅದಕ್ಕೆ ವೈದ್ಯರು ಹಿಂಡಿದ ಎದೆಹಾಲಿಗೇ ಪೋಷಕಾಂಶದ ಪುಡಿಯನ್ನು ಅಳತೆಯಂತೆ ಬೆರೆಸಿ ಕೊಡುತ್ತಾರೆ. ಇದರಲ್ಲಿ ಎದೆಹಾಲು ನಿಲ್ಲುವುದಿಲ್ಲ, ಅದೇ ಹಾಲು ಗಟ್ಟಿಯಾಗುತ್ತದೆ.

ದಾನಿಯ ಹಾಲು ನಮ್ಮಲ್ಲಿ ಸಿಗುತ್ತದೆಯೇ ಎಂದು ಕೇಳುವವರಿಗೆ: ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿ ಗೋಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಬ್ಯಾಂಕ್‌ಗಳಿವೆ. ದಾನಿಯ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಪರೀಕ್ಷಿಸಿ ಕೊಡುತ್ತಾರೆ. ಎದೆಹಾಲನ್ನು ವ್ಯಾಪಾರ ಮಾಡುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಎಚ್ಚರಿಸಿದೆ. ಆನ್‌ಲೈನ್‌ನಲ್ಲಿ ಯಾರೋ ಮಾರುವ ಎದೆಹಾಲನ್ನು ತರಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಸೇರಿಸಲೇಬೇಕು. ಬಾಣಂತಿಗೆ ಕಾಯಿಲೆ, ಹಾಲು ಇಳಿಯದಿರುವುದು, ಹಾಲಿನ ಬ್ಯಾಂಕ್ ದೂರ ಇರುವುದು, ಹೀಗೆ ಎಷ್ಟೋ ಕಾರಣಕ್ಕೆ ಫಾರ್ಮುಲಾ ಕೊಡಬೇಕಾಗುತ್ತದೆ. ವೈದ್ಯರು ಹೇಳಿ ಫಾರ್ಮುಲಾ ಕೊಡುತ್ತಿರುವ ತಾಯಿ ಯಾವ ತಪ್ಪನ್ನೂ ಮಾಡುತ್ತಿಲ್ಲ. ಅಂಥವರಿಗೆ ‘ಹಾಲು ಕೊಡದ ಅಮ್ಮ’ ಎಂದು ಚುಚ್ಚುವ ಫಾರ್ವರ್ಡ್ ಕಳಿಸುವುದರಿಂದ ಯಾರಿಗೂ ಒಳ್ಳೆಯದಾಗದು. ಆ ಸಂದರ್ಭದಲ್ಲಿ ಡಿಎಚ್‌ಎ, ಎಆರ್‌ಎ ಎರಡೂ ಇರುವ, ದಿನ ತುಂಬದ ಮಕ್ಕಳಿಗೆಂದೇ ಇರುವ ಫಾರ್ಮುಲಾವೇ ಸರಿ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದು ಅದಕ್ಕೆ ಬದಲಿಯಲ್ಲ. ಹಸುವಿನ ಹಾಲಿನಲ್ಲಿ ಲಿನೋಲಿಕ್ ಆಮ್ಲ ಕಡಿಮೆ, ಡಿಎಚ್‌ಎ ಇಲ್ಲವೆನ್ನುವಷ್ಟು ಅತ್ಯಲ್ಪ.

ಅಮ್ಮ ಏನು ತಿಂದರೆ ಹಾಲಿಗೆ ಡಿಎಚ್‌ಎ ಬರುತ್ತದೆ?

ಎದೆಹಾಲಿನ ಡಿಎಚ್‌ಎ ತಾಯಿಯ ಊಟದಂತೆ ಏರಿಳಿಯುತ್ತದೆ. ಮೀನು ತಿನ್ನುವವರ ಹಾಲಿನಲ್ಲಿ ಹೆಚ್ಚು, ಶುದ್ಧ ಸಸ್ಯಾಹಾರಿಗಳ ಹಾಲಿನಲ್ಲಿ ಕಡಿಮೆ. ಎಆರ್‌ಎ ಅಷ್ಟಾಗಿ ಬದಲಾಗುವುದಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ ಕನಿಷ್ಠ 200 ಮಿ.ಗ್ರಾಂ ಡಿಎಚ್‌ಎ ಸಿಗಲಿ ಎಂಬುದು ತಜ್ಞರ ಸಲಹೆ. ನಮ್ಮ ಕರಾವಳಿಯ ಬೂತಾಯಿ, ಬಂಗುಡೆ ಇದಕ್ಕೆ ಒಳ್ಳೆಯ ಮೂಲ. ದುಬಾರಿ ವಿದೇಶಿ ಮೀನೇ ಬೇಕೆಂದಿಲ್ಲ. ಮೊಟ್ಟೆಯ ಹಳದಿಯಲ್ಲೂ ಸ್ವಲ್ಪ ಇದೆ.

ಅಗಸೆ ಬೀಜದ ಚಟ್ನಿಪುಡಿ ತಿಂದರೆ ಸಾಕೇ? ಅಗಸೆಯಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲ ಹೇರಳ. ಅದು ಒಳ್ಳೆಯ ಆಹಾರವೇ. ಆದರೆ ತಾಯಂದಿರಿಗೆ ಅಗಸೆ ಎಣ್ಣೆ ಕೊಟ್ಟು ನೋಡಿದಾಗ ಹಾಲಿನ ಡಿಎಚ್‌ಎ ಏರಲಿಲ್ಲ. ಹುಚ್ಚೆಳ್ಳಿನಲ್ಲಿ ಇರುವುದು ಬಹುಪಾಲು ಲಿನೋಲಿಕ್ ಆಮ್ಲ, ಅದು ಒಮೆಗಾ-3 ಅಲ್ಲ. ಸಸ್ಯಾಹಾರಿ ಬಾಣಂತಿಗೆ ಅಗತ್ಯ ಕಂಡರೆ ವೈದ್ಯರು ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆ ಬರೆದುಕೊಡುತ್ತಾರೆ.

ಆದರೆ ಮಾತ್ರೆಯ ಮೇಲೂ ಅತಿ ಭರವಸೆ ಬೇಡ. ನಮ್ಮ ಬೆಳಗಾವಿಯಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ನಡೆದಿದೆ. 957 ಗರ್ಭಿಣಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನಕ್ಕೆ 400 ಮಿ.ಗ್ರಾಂ ಪಾಚಿಯ ಡಿಎಚ್‌ಎ, ಉಳಿದವರಿಗೆ ಅದರಂತೆಯೇ ಕಾಣುವ ಆದರೆ ಡಿಎಚ್‌ಎ ಇಲ್ಲದ ಮಾತ್ರೆ ಕೊಟ್ಟರು. ಬಸಿರಿನ ಮೊದಲಾರ್ಧದಿಂದ ಹೆರಿಗೆಯಾಗಿ ಆರು ತಿಂಗಳವರೆಗೂ ಇದು ನಡೆಯಿತು. ಮಕ್ಕಳಿಗೆ ಒಂದು ವರ್ಷವಾದಾಗ ಬೆಳವಣಿಗೆಯ ಅಂಕಗಳನ್ನು ನೋಡಿದರೆ ಎರಡೂ ಗುಂಪು ಸರಿಸಮ. ಇದು ತೀರಾ ಬೇಗ ಹುಟ್ಟಿದ ಮಕ್ಕಳಿಗೆಂದು ಮಾಡಿದ ಅಧ್ಯಯನವಲ್ಲ ನಿಜ. ಆದರೂ ಮಾತ್ರೆ ನುಂಗಿದರೆ ಮಗು ಜಾಣ ಆಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಇನ್ನುಳಿದ ಫಾರ್ವರ್ಡ್‌ಗಳು

ಪಾಚಿಯ ಡಿಎಚ್‌ಎ ವಿಷವೇ? ಅಲ್ಲ. ಮೀನಿನಲ್ಲಿರುವ ಡಿಎಚ್‌ಎ ಕೂಡ ಮೂಲತಃ ಸಮುದ್ರದ ಸೂಕ್ಷ್ಮ ಪಾಚಿಯಿಂದಲೇ ಬಂದದ್ದು. ಎಣ್ಣೆ ತೆಗೆಯಲು ಹೆಕ್ಸೇನ್ ಎಂಬ ದ್ರಾವಕ ಬಳಸುತ್ತಾರೆ ಎಂಬ ಮಾತು ಕೆಲವು ತಯಾರಿಕೆಯಲ್ಲಿ ನಿಜ. ನಾವು ದಿನವೂ ಬಳಸುವ ರಿಫೈನ್ಡ್ ಸೋಯಾ ಎಣ್ಣೆಯನ್ನೂ ಸಾಮಾನ್ಯವಾಗಿ ಹಾಗೆಯೇ ತೆಗೆಯುತ್ತಾರೆ. ಆಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆದುಹಾಕುತ್ತಾರೆ.

ಮೀನೆಣ್ಣೆಯ ಕ್ಯಾಪ್ಸೂಲ್ ಒಡೆದು ಮಗುವಿನ ಬಾಯಿಗೆ ಎರಡು ಹನಿ ಬಿಡಬಹುದೇ? ಖಂಡಿತ ಬೇಡ. ಎಳೆಯ ಮಗು ಸರಿಯಾಗಿ ನುಂಗಲಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ, ಹರಳೆಣ್ಣೆಗೂ ಇದೇ ಮಾತು. ದಿನ ತುಂಬದ ಮಕ್ಕಳ ಫಾರ್ಮುಲಾದಲ್ಲಿ ತೆಂಗಿನೆಣ್ಣೆಯ ಸುಲಭವಾಗಿ ಅರಗುವ ಕೊಬ್ಬು ಇರುತ್ತದೆ ಎಂದು ಓದಿ ಮನೆಯಲ್ಲಿ ಹಾಲಿಗೆ ಎಣ್ಣೆ ಬೆರೆಸಲು ಹೋಗಬೇಡಿ. ಜೇನು ನೆಕ್ಕಿಸುವುದು ಒಂದು ವರ್ಷ ತುಂಬುವವರೆಗೂ ಬೇಡ.

ಪುಡಿಯನ್ನು ಎರಡು ಚಮಚ ಹೆಚ್ಚು ಹಾಕಿದರೆ ಬೇಗ ತೂಕ ಬರುತ್ತದೆಯೇ? ಗಟ್ಟಿ ಮಾಡಿದರೆ ಮಗುವಿನ ಮೂತ್ರಪಿಂಡಕ್ಕೂ ಕರುಳಿಗೂ ಹೊರೆ. ಉಳಿಸಲೆಂದು ತೆಳು ಮಾಡಿದರೆ ಪೋಷಣೆ ಸಾಲದು. ಡಬ್ಬಿಯೊಳಗಿನ ಅಳತೆ ಚಮಚವೇ ಪ್ರಮಾಣ. ಪುಡಿ ಹಾಲು ಪೂರ್ತಿ ಕ್ರಿಮಿಮುಕ್ತವಲ್ಲ. ಆದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಆರಿಸಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಡಿಎಚ್‌ಎ ಕೊಟ್ಟರೆ ಕಣ್ಣಿನ ಪರೀಕ್ಷೆ ಬೇಡವೇ? ಬೇಕೇ ಬೇಕು. 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ 30 ದಿನದೊಳಗೆ ಕಣ್ಣಿನ ಒಳಪರದೆಯ ಪರೀಕ್ಷೆ ಆಗಬೇಕು. ಕರ್ನಾಟಕದಲ್ಲಿ 2008ರಲ್ಲಿ ಶುರುವಾದ ಕಿಡ್‌ರಾಪ್ ಕಾರ್ಯಕ್ರಮ ಜಿಲ್ಲೆಗಳ ಆಸ್ಪತ್ರೆಗಳಲ್ಲೇ ಮಗುವಿನ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುವ ಕೆಲಸ ಮಾಡುತ್ತಿದೆ. ಆ 30 ದಿನ ತಪ್ಪಿದರೆ ಯಾವ ಡಬ್ಬಿಯೂ ದೃಷ್ಟಿಯನ್ನು ಮರಳಿ ಕೊಡದು.

ಫಾರ್ವರ್ಡ್ ಮಾಡುವ ಮುನ್ನ

1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯಂತೆ ನಮ್ಮ ದೇಶದಲ್ಲಿ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲು, ಶಿಶು ಆಹಾರ, ಹಾಲಿನ ಬಾಟಲಿಗಳನ್ನು ಜಾಹೀರಾತು ಮಾಡುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಪ್ರಚಾರವೂ ಇದರಲ್ಲಿ ಸೇರಿದೆ. ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಬರೆಯಲೇಬೇಕು. ಟಿವಿಯಲ್ಲಿ ಹೇಳಲಾಗದ್ದನ್ನು ಯಾರದೋ ಅನುಭವದ ರೂಪದಲ್ಲಿ ನಮ್ಮ ಗ್ರೂಪುಗಳಿಗೆ ಬಿಟ್ಟರೆ ಪ್ರಚಾರದ ಕೆಲಸವನ್ನು ನಾವೇ ಪುಕ್ಕಟೆಯಾಗಿ ಮಾಡಿಕೊಟ್ಟಂತೆ. ಡಬ್ಬಿಯ ಹೆಸರು ಇರುವ ಸಂದೇಶ ಬಂದರೆ ಅಲ್ಲಿಯೇ ನಿಲ್ಲಿಸಿ.

ನಿಮ್ಮ ಮನೆಯಲ್ಲಿ ಅಥವಾ ಪರಿಚಿತರಲ್ಲಿ ದಿನ ತುಂಬದ ಮಗು ಇದ್ದರೆ ಆ ತಾಯ್ತಂದೆಯರು ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇವು. ಮಗು ಎಷ್ಟು ವಾರಕ್ಕೆ ಹುಟ್ಟಿದೆ, ಈಗಿನ ತೂಕಕ್ಕೆ ಎಷ್ಟು ಹಾಲು ಬೇಕು? ನನ್ನ ಹಾಲಿಗೇ ಪೋಷಕಾಂಶ ಬೆರೆಸಿ ಕೊಡಬಹುದೇ? ದಾನಿಯ ಹಾಲು ಸಿಗುತ್ತದೆಯೇ? ಫಾರ್ಮುಲಾ ಬೇಕೇಬೇಕು ಎಂದಾದರೆ ಯಾವ ಬಗೆಯದ್ದು, ಎಲ್ಲಿಯವರೆಗೆ? ಡಿಎಚ್‌ಎ ಪ್ರತ್ಯೇಕವಾಗಿ ಬೇಕೇ, ಬೇಕಾದರೆ ಎಆರ್‌ಎ ಜೊತೆಗಿದೆಯೇ? ಕಣ್ಣಿನ ಪರೀಕ್ಷೆ ಯಾವ ದಿನ?

ಬಂಧುಗಳಾಗಿ ನಾವು ಮಾಡಬಹುದಾದ ಕೆಲಸವೂ ಇದೆ. ಎನ್‌ಐಸಿಯು ಹೊರಗೆ ಕೂತ ಬಾಣಂತಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಲು ಜಾಗ ಬೇಕು, ಬಿಸಿ ಊಟ ಬೇಕು, ನಿದ್ದೆ ಬೇಕು, ಮಗುವನ್ನು ಎದೆಗೊತ್ತಿಕೊಂಡು ಕೂರುವ ಕಾಂಗರೂ ಆರೈಕೆಗೆ ಸಮಯ ಬೇಕು. ಹಾಗೆ ಎದೆಗೊತ್ತಿಕೊಂಡಷ್ಟೂ ಹಾಲೂಡಿಸುವುದು ಸುಲಭವಾಗುತ್ತದೆ. ಡಬ್ಬಿಗೆ ಸುರಿಯುವ ದುಡ್ಡಿನಲ್ಲಿ ಆ ತಾಯಿಗೆ ಒಂದು ತಿಂಗಳು ಮೀನು, ಮೊಟ್ಟೆ, ಹಣ್ಣು, ಕಾಳು ತಂದುಕೊಟ್ಟರೆ ಅದರ ಪಾಲು ಹಾಲಿನ ಮೂಲಕ ಮಗುವಿಗೇ ಸೇರುತ್ತದೆ.